ಬಿಸಿಯಾದ ಬೆರಳು ಏನನ್ನು ಸಾಬೀತು ಮಾಡುತ್ತದೆ?

ಅಕ್ಯುಪಂಕ್ಚರ್ ಕುರಿತ ಚರ್ಚೆಗಳಲ್ಲಿ ಈಚೆಗೆ ಒಂದು ಬಗೆಯ ಚಿತ್ರಕ್ಕೆ ತುಂಬ ತೂಕ ಬಂದಿದೆ. ಒಂದೇ ಕೈಯ ಎರಡು ಥರ್ಮಲ್ ಕ್ಯಾಮೆರಾ ಚಿತ್ರಗಳನ್ನು ಅಕ್ಕಪಕ್ಕ ಇಟ್ಟಿರುತ್ತಾರೆ. ಸೂಜಿ ಹಾಕುವ ಮುಂಚಿನದರಲ್ಲಿ ಬೆರಳುಗಳು ನೀಲಿ, ಹಾಕಿ ಅರ್ಧ ಗಂಟೆ ಕಳೆದ ಮೇಲಿನದರಲ್ಲಿ ಕೆಂಪು. ಚಿತ್ರ ತೋರಿಸುವವರ ವಾದವನ್ನು ನ್ಯಾಯವಾಗಿ ಹೇಳುವುದಾದರೆ ಅದು ಹೀಗಿದೆ. ನೋವು ತಗ್ಗಿತು, ನಿದ್ದೆ ಬಂತು, ಮನಸ್ಸು ಹಗುರಾಯಿತು ಎಂಬುದೆಲ್ಲ ರೋಗಿಯ ಬಾಯಿಮಾತು. ಅದರಲ್ಲಿ ನಂಬಿಕೆಯ ಪಾಲೆಷ್ಟು, ಸೂಜಿಯ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಚರ್ಮದ ತಾಪಮಾನ ಹಾಗಲ್ಲ. ಅದನ್ನು ಯಂತ್ರ ಅಳೆಯುತ್ತದೆ, ಯಂತ್ರಕ್ಕೆ ನಂಬಿಕೆ ಎಂಬುದಿಲ್ಲ. ಮೇಲಾಗಿ ಪ್ರಯೋಗಕ್ಕೆ ಕೂತವರು ಆರೋಗ್ಯವಂತರು. ಅವರಿಗೆ ವಾಸಿಯಾಗಬೇಕಾದ ಕಾಯಿಲೆಯಿಲ್ಲ, ವಾಸಿಯಾದೀತು ಎಂಬ ನಿರೀಕ್ಷೆಯೂ ಇಲ್ಲ. ಅಂಥವರಲ್ಲೂ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಹೆಗು ಬಿಂದುವಿಗೆ ಸೂಜಿ ಹಾಕಿದಾಗ ಆ ಕೈಯಷ್ಟೇ ಅಲ್ಲ, ಇನ್ನೊಂದು ಕೈಯೂ ಮುಖವೂ ಬಿಸಿಯಾಗುವುದಾದರೆ ಮೈಯೊಳಗೆ ಏನೋ ಹರಿದಿರಲೇಬೇಕು. ಆದ್ದರಿಂದ ಶಕ್ತಿ ಹರಿಯುವ ಹಾದಿಗಳೆಂದು ಅಕ್ಯುಪಂಕ್ಚರ್ ಹೇಳುವ ಮೆರಿಡಿಯನ್‌ಗಳು ನಿಜ, ಬಿಂದುಗಳು ನಿಜ, ಚಿಕಿತ್ಸೆಯೂ ನಿಜ.

ಈ ವಾದವನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ಅದರ ಮೊದಲರ್ಧ ಗಟ್ಟಿಯಾಗಿದೆ: ಸೂಜಿ ಹಾಕಿದಾಗ ಆರೋಗ್ಯವಂತರ ಚರ್ಮದ ತಾಪಮಾನ ಬದಲಾಗುತ್ತದೆ, ಆ ಬದಲಾವಣೆ ಕಲ್ಪನೆಯಲ್ಲ. ಸೂಜಿಯಿಂದ ದೇಹದಲ್ಲಿ ಏನೂ ಆಗುವುದಿಲ್ಲ ಎಂದು ವಾದಿಸುವವರು ಈ ಅಳತೆಗಳ ಮುಂದೆ ಸೋಲುತ್ತಾರೆ, ಸೋಲಬೇಕು ಕೂಡ. ನನ್ನ ತಕರಾರು ಇರುವುದು ‘ಆದ್ದರಿಂದ’ ಎಂದು ಶುರುವಾಗುವ ಕೊನೆಯ ವಾಕ್ಯದ ಬಗ್ಗೆ. ಬಿಸಿಯಾದ ಬೆರಳಿನಿಂದ ಮೆರಿಡಿಯನ್‌ಗೆ, ಮೆರಿಡಿಯನ್‌ನಿಂದ ಆರೋಗ್ಯಕ್ಕೆ ಹಾರುವಾಗ ನಡುವೆ ಬಿಟ್ಟುಹೋದ ಮೆಟ್ಟಿಲುಗಳು ಹಲವು. ಅವನ್ನು ಒಂದೊಂದಾಗಿ ನೋಡುವ ಹೊಣೆ ನಮಗೀಗ ಮುಂಚಿಗಿಂತ ಹೆಚ್ಚಿದೆ. ಕೇಂದ್ರ ಆರೋಗ್ಯ ಸಚಿವಾಲಯ 2019ರಲ್ಲಿ ಅಕ್ಯುಪಂಕ್ಚರನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಮಾನ್ಯ ಮಾಡಿದೆ, ನಮ್ಮ ಪ್ರಕೃತಿ ಚಿಕಿತ್ಸಾ ಪದವಿಯ ಪಠ್ಯದಲ್ಲಿ ಅದು ಸೇರಿದೆ. ಮಾನ್ಯತೆ ಸಿಕ್ಕ ಪದ್ಧತಿ ತನ್ನ ಪರವಾಗಿ ಯಾವ ಪುರಾವೆ ಕೊಡುತ್ತದೆ ಎಂಬುದು ಆಮೇಲೆ ಪಂಥಗಳ ನಡುವಿನ ಜಗಳವಾಗಿ ಉಳಿಯುವುದಿಲ್ಲ. ಚಿಕಿತ್ಸೆಗೆ ಹೋಗುವ ಪ್ರತಿಯೊಬ್ಬರ ವಿಷಯವಾಗುತ್ತದೆ.

ಮೊದಲು ಚರ್ಮದ ತಾಪಮಾನ ಎಂದರೇನು ಎಂದು ಸ್ಪಷ್ಟ ಮಾಡಿಕೊಳ್ಳಬೇಕು. ದೇಹದ ಒಳಭಾಗ ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಹುಪಾಲು ಸ್ಥಿರವಾಗಿರುತ್ತದೆ. ಚರ್ಮಕ್ಕೆ ಅಂಥ ಸ್ಥಿರತೆ ಇಲ್ಲ, ಇರಬೇಕಾಗಿಯೂ ಇಲ್ಲ. ಒಬ್ಬ ಆರೋಗ್ಯವಂತನ ಬೆರಳತುದಿ ಒಂದೇ ದಿನದಲ್ಲಿ 25 ಡಿಗ್ರಿಗೂ ಇಳಿಯಬಹುದು, 35 ಡಿಗ್ರಿಗೂ ಏರಬಹುದು. ಒಳಗಿನ 37 ಡಿಗ್ರಿಯನ್ನು ಕಾಯುವುದಕ್ಕಾಗಿಯೇ ಹೊರಗಿನ ಚರ್ಮ ಇಷ್ಟು ಏರಿಳಿಯುತ್ತದೆ. ಎಂಜಿನ್ ಕಾದಾಗ ಗಾಡಿಯ ರೇಡಿಯೇಟರ್ ಮಾಡುವ ಕೆಲಸವನ್ನು ಇಲ್ಲಿ ಬೆರಳು, ಅಂಗೈ, ಅಂಗಾಲು, ಕಿವಿ, ಮೂಗುಗಳ ಚರ್ಮ ಮಾಡುತ್ತದೆ. ಈ ಜಾಗಗಳಲ್ಲಿ ಅಪಧಮನಿ ಮತ್ತು ಅಭಿಧಮನಿಗಳನ್ನು ನೇರವಾಗಿ ಕೂಡಿಸುವ ಅಡ್ಡನಾಳಗಳಿವೆ. ಅವು ತೆರೆದರೆ ಬಿಸಿ ರಕ್ತ ಚರ್ಮದಡಿಗೆ ನುಗ್ಗುತ್ತದೆ, ಮುಚ್ಚಿದರೆ ಬೆರಳು ಕೋಣೆಯ ತಾಪಮಾನದತ್ತ ಜಾರುತ್ತದೆ. ಹಾಯಾದ ಹವೆಯಲ್ಲಿ ಇಡೀ ಚರ್ಮಕ್ಕೆ ನಿಮಿಷಕ್ಕೆ ಅರ್ಧ ಲೀಟರಿನೊಳಗೇ ಹರಿಯುವ ರಕ್ತ ತೀವ್ರ ಸೆಕೆಯಲ್ಲಿ 7–8 ಲೀಟರಿಗೆ ಏರಬಲ್ಲದು. ಈ ಅಡ್ಡನಾಳಗಳ ಬೀಗದ ಕೈ ಇರುವುದು ಸಿಂಪಥೆಟಿಕ್ ನರವ್ಯೂಹದ ಬಳಿ. ಹೆದರಿಕೆ, ಚಳಿ, ಲೆಕ್ಕ ಮಾಡುವಾಗಿನ ಒತ್ತಡ, ಇದ್ದಕ್ಕಿದ್ದಂತೆ ಒಂದು ಸದ್ದು, ಕಡೆಗೆ ಒಂದು ದೀರ್ಘ ಉಸಿರು ಕೂಡ ಈ ನರಗಳನ್ನು ಚುರುಕುಗೊಳಿಸಿ ಬೆರಳಿನ ರಕ್ತವನ್ನು ಸ್ವಲ್ಪ ಹೊತ್ತು ತಗ್ಗಿಸುತ್ತದೆ. ಅಂದರೆ ಬೆರಳತುದಿಯ ತಾಪಮಾನ ನೂರು ಕಾರಣಗಳು ಬಂದು ಸೇರುವ ಒಂದು ಕೊನೆಯ ತಾಣ. ಅದು ಬದಲಾಯಿತು ಎಂದರೆ ಯಾವುದೋ ಕಾರಣ ಕೆಲಸ ಮಾಡಿತು ಎಂದಷ್ಟೇ ಗೊತ್ತಾಗುತ್ತದೆ. ಯಾವುದು ಎಂಬುದನ್ನು ಆ ಅಂಕಿ ತಾನಾಗಿ ಹೇಳಲಾರದು.

ಇಲ್ಲಿಯೇ ಇನ್ನೊಂದು ಗೊಂದಲವನ್ನೂ ಬಿಡಿಸಬೇಕು. ಕೈ ಬಿಸಿಯಾದರೆ ‘ದೇಹದ ಶಾಖ ಹೆಚ್ಚಿತು’, ‘ಶಕ್ತಿ ತುಂಬಿತು’ ಎಂದು ಜನ ಸಹಜವಾಗಿ ತಿಳಿಯುತ್ತಾರೆ. ನಡೆಯುವುದು ಬಹುಮಟ್ಟಿಗೆ ತಿರುಗುಮುರುಗು. ಜ್ವರ ಏರುತ್ತಿರುವ ಮಗುವಿನ ಕೈಕಾಲು ತಣ್ಣಗಿರುತ್ತದೆ, ಜ್ವರ ಇಳಿಯುವಾಗ ಬಿಸಿಯಾಗಿ ಬೆವರುತ್ತದೆ ಎಂಬುದು ಮಕ್ಕಳನ್ನು ಸಾಕಿದ ಪ್ರತಿಯೊಬ್ಬ ತಾಯಿಗೂ ಗೊತ್ತು. ಮೊದಲ ಹಂತದಲ್ಲಿ ದೇಹ ಶಾಖವನ್ನು ಒಳಗೆ ಹಿಡಿದಿಡುತ್ತಿದೆ, ಎರಡನೆಯದರಲ್ಲಿ ಹೊರಗೆ ಚೆಲ್ಲುತ್ತಿದೆ. ಬೆರಳು ಬಿಸಿಯಾಗುವುದೆಂದರೆ ಹೆಚ್ಚಾಗಿ ಶಾಖ ಹೊರಹೋಗುವುದು. ಬಾಸೆಲ್‌ನ ಕುರ್ಟ್ ಕ್ರೌಖಿ ಮತ್ತು ಸಂಗಡಿಗರು 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದಂತೆ ಕೈಕಾಲು ಬೆಚ್ಚಗಾದವರಿಗೆ ನಿದ್ದೆ ಬೇಗ ಹತ್ತುತ್ತದೆ. ಆ ಹೊತ್ತಿಗೆ ದೇಹದ ಒಳಗಿನ ತಾಪಮಾನ ಇಳಿಮುಖವಾಗಿರುತ್ತದೆ. ಹೀಗಿರುವಾಗ ಸೂಜಿಯ ನಂತರ ಬಿಸಿಯಾದ ಕೈಯನ್ನು ಶಕ್ತಿಯ ಸಂಗ್ರಹ ಎಂದು ಓದುವುದಕ್ಕಿಂತ, ಆ ವ್ಯಕ್ತಿಯ ಸಿಂಪಥೆಟಿಕ್ ನರಗಳು ಸಡಿಲವಾದವು ಎಂದು ಓದುವುದು ಶರೀರಶಾಸ್ತ್ರಕ್ಕೆ ಹತ್ತಿರ.

ಈಗ ಸೂಜಿಯತ್ತ ಬರೋಣ. ಸೂಜಿ ಚುಚ್ಚಿದ ಜಾಗದ ಸುತ್ತ ಒಂದೆರಡು ಸೆಂಟಿಮೀಟರ್ ಚರ್ಮ ಕೆಂಪಾಗಿ ಬೆಚ್ಚಗಾಗುವುದಕ್ಕೆ ಬಿಂದುವೇ ಬೇಕೆಂದಿಲ್ಲ. ಎಲ್ಲಿ ಚುಚ್ಚಿದರೂ ಅಷ್ಟಿಷ್ಟು ಆಗುತ್ತದೆ. ಲಂಡನ್ನಿನ ವೈದ್ಯವಿಜ್ಞಾನಿ ಥಾಮಸ್ ಲೂಯಿಸ್ 1927ರ ತನ್ನ ಗ್ರಂಥದಲ್ಲಿ ಚರ್ಮದ ರಕ್ತನಾಳಗಳು ಗಾಯಕ್ಕೆ ಹೇಗೆ ಸ್ಪಂದಿಸುತ್ತವೆ ಎಂದು ವಿವರಿಸಿದ: ಮೊದಲು ತಾಗಿದ ಗೆರೆ ಕೆಂಪಾಗುತ್ತದೆ, ಆಮೇಲೆ ಸುತ್ತ ಕೆಂಪು ಹರಡುತ್ತದೆ, ಕೊನೆಗೆ ಅಲ್ಲಿ ದದ್ದು ಏಳುತ್ತದೆ. ಸುತ್ತ ಹರಡುವ ಕೆಂಪು ನರದ ಕೆಲಸ. ನೋವಿನ ಸಂದೇಶ ಒಯ್ಯುವ ಸಣ್ಣ ನರತಂತುವಿನ ಒಂದು ಕವಲು ಬೆನ್ನುಹುರಿಯವರೆಗೆ ಹೋಗದೆ ಅಲ್ಲಿಯೇ ಪಕ್ಕಕ್ಕೆ ತಿರುಗಿ, ರಕ್ತನಾಳವನ್ನು ಹಿಗ್ಗಿಸುವ ರಾಸಾಯನಿಕಗಳನ್ನು ಸುರಿಸುತ್ತದೆ. ಇದಕ್ಕಿರುವ ಪುರಾವೆ ಸೊಗಸಾದದ್ದು: ನರವನ್ನು ಕತ್ತರಿಸಿದ ತಕ್ಷಣ ಈ ಕೆಂಪು ಮಾಯವಾಗುವುದಿಲ್ಲ, ಆ ತಂತು ಕೆಲವು ದಿನಗಳಲ್ಲಿ ಪೂರ್ತಿ ನಶಿಸಿದ ಮೇಲೆ ಮಾಯವಾಗುತ್ತದೆ. ಅಂದರೆ ಮಿದುಳು ಬೆನ್ನುಹುರಿಗಳ ನೆರವಿಲ್ಲದೆ, ಚರ್ಮದಲ್ಲೇ ಮುಗಿಯುವ ಒಂದು ಸಣ್ಣ ಪ್ರತಿವರ್ತನೆ ಇದು. ಸೂಜಿಯ ಸುತ್ತಲಿನ ಬಿಸಿಯನ್ನು ‘ಬಿಂದು ಎಚ್ಚರಗೊಂಡ ಲಕ್ಷಣ’ ಎಂದು ಹೇಳುವವರು ಈ ತೊಂಬತ್ತು ವರ್ಷಕ್ಕೂ ಹಳೆಯ ತಿಳಿವನ್ನು ಮೊದಲು ಎದುರಿಸಬೇಕು.

ದೂರದ ಬಿಸಿ ಇನ್ನೂ ಕುತೂಹಲಕರ. ಆರೋಗ್ಯವಂತರ ಹೆಗು ಬಿಂದುವಿಗೆ ಕೈಯಿಂದಲೂ ವಿದ್ಯುತ್ತಿನಿಂದಲೂ ಪ್ರಚೋದನೆ ಕೊಟ್ಟು ಥರ್ಮಲ್ ಚಿತ್ರ ತೆಗೆದ ಅರ್ನ್ಸ್ಟ್ ಮತ್ತು ಲೀ ಅವರ ಅಧ್ಯಯನ 1985ರಲ್ಲಿ ‘ಪೇನ್’ ಪತ್ರಿಕೆಯಲ್ಲಿ ಬಂತು. ಅದರ ಶೀರ್ಷಿಕೆಯೇ ಈ ಬದಲಾವಣೆಗಳನ್ನು ಸಿಂಪಥೆಟಿಕ್ ನರಗಳು ರಕ್ತನಾಳದ ಮೇಲೆ ಮಾಡುವ ಕೆಲಸವೆಂದು ಗುರುತಿಸುತ್ತದೆ, ಮೆರಿಡಿಯನ್‌ನ ಹರಿವೆಂದು ಅಲ್ಲ. ಹನ್ನೊಂದು ವರ್ಷಗಳ ಬಳಿಕ, 1996ರಲ್ಲಿ, ಲ್ಯಾಂಡ್ರಿ ಮತ್ತು ಸ್ಕಡ್ಸ್ ಪ್ರಕಟಿಸಿದ ಅಧ್ಯಯನ ವಿದ್ಯುತ್ ಅಕ್ಯುಪಂಕ್ಚರ್ ಕೈಯ ಚರ್ಮವನ್ನು ತಂಪಾಗಿಸುವುದರ ಬಗ್ಗೆ. ಬಿಸಿಯೂ ವರದಿಯಾಗಿದೆ, ತಂಪೂ ವರದಿಯಾಗಿದೆ ಎಂಬುದನ್ನು ಓದುಗರು ಗಮನಿಸಬೇಕು. ಸಿಂಪಥೆಟಿಕ್ ನರಗಳ ಸ್ವಭಾವ ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಸೂಜಿ ಒಳಹೋಗುವ ಕ್ಷಣದ ಅಳುಕು, ಚುರುಕು, ಅಕ್ಯುಪಂಕ್ಚರಿನವರು ದೆಚಿ ಎನ್ನುವ ಆ ಜೋಮುಗಟ್ಟಿದಂಥ ಸೆಳೆತ, ಇವೆಲ್ಲ ನಾಳಗಳನ್ನು ಬಿಗಿಗೊಳಿಸಬಲ್ಲವು, ಆಗ ಬೆರಳು ತಣಿಯುತ್ತದೆ. ಆಮೇಲೆ ಅಪಾಯವಿಲ್ಲವೆಂದು ದೇಹಕ್ಕೆ ಮನವರಿಕೆಯಾದಂತೆ, ಮಲಗಿದವರು ನಿರಾಳವಾದಂತೆ ನಾಳಗಳು ಸಡಿಲಗೊಂಡು ಬೆರಳು ಬೆಚ್ಚಗಾಗುತ್ತದೆ. ಎಷ್ಟು ಬಲವಾದ ಪ್ರಚೋದನೆ, ಯಾವ ನಿಮಿಷದಲ್ಲಿ ಅಳೆದರು ಎಂಬುದರ ಮೇಲೆ ಉತ್ತರ ಬಿಸಿಯೋ ತಂಪೋ ಆಗಬಹುದು.

ಸೂಜಿ ಬಲಗೈಯಲ್ಲಿದ್ದರೂ ಎಡಗೈ ಬಿಸಿಯಾಯಿತಲ್ಲ, ಅದಕ್ಕೇನು ಉತ್ತರ ಎಂದು ಕೇಳುವವರಿದ್ದಾರೆ. ಜಾನ್ ಗಿಬ್ಬನ್ ಮತ್ತು ಯುಜೀನ್ ಲ್ಯಾಂಡಿಸ್ 1932ರಲ್ಲೇ ಇದಕ್ಕೆ ಹತ್ತಿರದ ಸಂಗತಿಯನ್ನು ವರದಿ ಮಾಡಿದ್ದರು: ಮುಂಗೈಗಳನ್ನು ಬಿಸಿನೀರಿನಲ್ಲಿ ಅದ್ದಿದರೆ ಕಾಲಿನ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ಕಾಲಿನ ರಕ್ತನಾಳಗಳು ಹಿಗ್ಗಬಲ್ಲವೇ ಇಲ್ಲವೇ ಎಂದು ತಿಳಿಯಲು ವೈದ್ಯರು ಈ ವಿಧಾನವನ್ನು ಬಳಸಿದ್ದೂ ಉಂಟು. ಕೈಗೂ ಕಾಲಿಗೂ ನಡುವೆ ಇಲ್ಲಿ ಏನು ಹರಿಯಿತು? ಬೆಚ್ಚಗಾದ ರಕ್ತ, ಮತ್ತು ಅದಕ್ಕೆ ಮಿದುಳು ಕೊಟ್ಟ ಉತ್ತರ. ಸಿಂಪಥೆಟಿಕ್ ನರಗಳು ದೇಹದ ಎರಡೂ ಬದಿಗೆ ಬಹುಮಟ್ಟಿಗೆ ಒಟ್ಟಿಗೇ ಆಜ್ಞೆ ಕಳಿಸುತ್ತವೆ. ದೂರದಲ್ಲಿ ಪರಿಣಾಮ ಕಂಡಿತು ಎಂಬುದು ನಡುವೆ ಹೊಸದೊಂದು ಕಾಲುವೆ ಇದೆ ಎಂಬುದಕ್ಕೆ ಸಾಕ್ಷಿಯಲ್ಲ, ಈಗಾಗಲೇ ತಿಳಿದ ದಾರಿಗಳನ್ನೆಲ್ಲ ಮುಚ್ಚಿದ ಮೇಲೂ ಪರಿಣಾಮ ಉಳಿದರೆ ಮಾತ್ರ ಹಾಗೆನ್ನಬಹುದು.

ಈಗ ವಾದದ ಅತ್ಯಂತ ಬಲವಾದ ಕೊಂಡಿಗೆ ಬರುತ್ತೇನೆ: ಆರೋಗ್ಯವಂತರಲ್ಲಿ, ಯಂತ್ರ ಅಳೆದ ಬದಲಾವಣೆಯಲ್ಲಿ ನಂಬಿಕೆಗೆ ಎಡೆಯಿಲ್ಲ ಎಂಬುದು. ಇದು ಎರಡು ಬೇರೆ ಸಂಗತಿಗಳನ್ನು ಒಂದೇ ಎಂದು ತಿಳಿದದ್ದರ ಫಲ. ಅಳೆಯುವವನ ನಂಬಿಕೆ ಯಂತ್ರದ ಅಂಕಿಯನ್ನು ಬದಲಿಸುವುದಿಲ್ಲ, ನಿಜ. ಆದರೆ ಅಳೆಸಿಕೊಳ್ಳುವವನ ಮನಸ್ಸು ಅವನ ಬೆರಳಿನ ರಕ್ತವನ್ನು ಬದಲಿಸುತ್ತದೆ, ಯಂತ್ರ ಅದನ್ನು ಪ್ರಾಮಾಣಿಕವಾಗಿ ಅಳೆಯುತ್ತದೆ. ಜರ್ಮನಿಯ ಯೋಹಾನ್ಸ್ ಶುಲ್ಟ್ಸ್ 1932ರಲ್ಲಿ ಪ್ರಕಟಿಸಿದ ವಿಶ್ರಾಂತಿ ಪದ್ಧತಿಯಲ್ಲಿ ಅಭ್ಯಾಸಿಗಳು ಕೈ ಭಾರವಾಗಿದೆ, ಕೈ ಬೆಚ್ಚಗಿದೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾರೆ. ಕೈ ನಿಜಕ್ಕೂ ಬೆಚ್ಚಗಾಗುತ್ತದೆ. ಹಾರ್ವರ್ಡಿನ ಹರ್ಬರ್ಟ್ ಬೆನ್ಸನ್ ತಂಡ ಧರ್ಮಶಾಲಾದಲ್ಲಿ ತುಮ್ಮೊ ಎಂಬ ಧ್ಯಾನಸಾಧನೆ ಮಾಡುವ ಮೂವರು ಟಿಬೆಟನ್ ಸಾಧಕರನ್ನು ಅಳೆದು 1982ರಲ್ಲಿ ‘ನೇಚರ್’ನಲ್ಲಿ ಬರೆದಂತೆ, ಅವರ ಕೈಕಾಲು ಬೆರಳುಗಳ ತಾಪಮಾನ 8.3 ಡಿಗ್ರಿಯವರೆಗೆ ಏರಿತ್ತು. ಅಲ್ಲಿ ಸೂಜಿ ಇರಲಿಲ್ಲ, ಬಿಂದು ಇರಲಿಲ್ಲ. ಮನಸ್ಸು ಇಷ್ಟು ಮಾಡಬಲ್ಲದೆಂದ ಮೇಲೆ ಚರ್ಮದ ತಾಪಮಾನವನ್ನು ‘ನಂಬಿಕೆ ಮುಟ್ಟದ ಅಳತೆ’ ಎನ್ನುವಂತಿಲ್ಲ. ನಿಜ ಹೇಳಬೇಕೆಂದರೆ ದೇಹದ ಅಳತೆಗಳಲ್ಲಿ ಮನಃಸ್ಥಿತಿಗೆ ಇಷ್ಟು ಬೇಗ, ಇಷ್ಟು ದೊಡ್ಡದಾಗಿ ಸ್ಪಂದಿಸುವವು ಕೆಲವೇ. ಆರೋಗ್ಯವಂತರಿಗೆ ವಾಸಿಯಾಗುವ ನಿರೀಕ್ಷೆ ಇಲ್ಲದಿರಬಹುದು; ಸೂಜಿ ಹಾಕುತ್ತಾರೆ ಎಂಬ ನಿರೀಕ್ಷೆ ಇದ್ದೇ ಇದೆ. ಸೂಜಿಯನ್ನು ಮೊದಲ ಸಲ ಕಾಣುವವರಲ್ಲಿ ಆ ನಿರೀಕ್ಷೆ ಇನ್ನೂ ತೀವ್ರ. ಕಾಯಿಲೆಯಿಲ್ಲದವರನ್ನು ಆರಿಸಿಕೊಂಡರೆ ಒಂದು ತೊಡಕು ಕಡಿಮೆಯಾಗುತ್ತದೆ, ಇನ್ನೊಂದು ಹಾಗೆಯೇ ಉಳಿಯುತ್ತದೆ.

ಅಳತೆಯ ವಿಧಾನದಲ್ಲೂ ಎಡವುವ ಕಲ್ಲುಗಳಿವೆ. ಚರ್ಮ ಹೊರಸೂಸುವ ಅವಗೆಂಪು ಕಿರಣಗಳನ್ನು ಹಿಡಿಯುವ ಕ್ಯಾಮೆರಾ ಡಿಗ್ರಿಯ ಹತ್ತನೇ ಒಂದು ಭಾಗದ ವ್ಯತ್ಯಾಸವನ್ನೂ ಗುರುತಿಸಬಲ್ಲದು, ಆದರೆ ಅದು ತೋರಿಸುವ ಒಟ್ಟು ಅಂಕಿಯಲ್ಲಿ ಒಂದೆರಡು ಡಿಗ್ರಿ ಆಚೀಚೆ ಇರುವುದು ಸಾಮಾನ್ಯ. ಬಣ್ಣಗಳಂತೂ ಚರ್ಮದ್ದಲ್ಲ, ತಂತ್ರಾಂಶದ್ದು. ಮಾಪಕವನ್ನು ಕಿರಿದಾಗಿಸಿದರೆ ಅರ್ಧ ಡಿಗ್ರಿಯ ಬದಲಾವಣೆಯೂ ನೀಲಿಯಿಂದ ಕೆಂಪಿಗೆ ಹೊರಳಿದಂತೆ ಕಾಣುತ್ತದೆ. ಆದ್ದರಿಂದ ಪಕ್ಕದಲ್ಲಿ ಅಂಕಿಪಟ್ಟಿ ಇಲ್ಲದ ಚಿತ್ರದಿಂದ ಏನನ್ನೂ ತಿಳಿಯಲಾಗದು. ಹೊರಗಿನ ಬಿಸಿಲಿನಿಂದಲೋ ಚಳಿಯಿಂದಲೋ ಬಂದವರು ಒಂದೇ ಹವೆಯ ಕೋಣೆಯಲ್ಲಿ ಕಾಲು ಗಂಟೆಗೂ ಹೆಚ್ಚು ಸುಮ್ಮನೆ ಕೂರದಿದ್ದರೆ ಅವರ ಚರ್ಮ ಆ ಕೋಣೆಗೆ ಹೊಂದಿಕೊಳ್ಳುತ್ತಲೇ ಇರುತ್ತದೆ, ಆ ಹೊಂದಾಣಿಕೆಯನ್ನೇ ಸೂಜಿಯ ಪರಿಣಾಮವೆಂದು ಬರೆದುಕೊಳ್ಳುವ ಸಾಧ್ಯತೆಯಿದೆ. ಇನ್ನೂ ಸಣ್ಣದೆನಿಸುವ, ಆದರೆ ಸಣ್ಣದಲ್ಲದ ಸಂಗತಿ ಒಂದಿದೆ: ಸೂಜಿಗೆ ಮೊದಲು ಹತ್ತಿಯಿಂದ ಸವರುವ ಸ್ಪಿರಿಟ್. ಅದು ಆರುವಾಗ ಚರ್ಮವನ್ನು ತಣಿಸುತ್ತದೆ. ಆ ತಣಿದ ಜಾಗ ಮತ್ತೆ ಸಹಜಕ್ಕೆ ಮರಳುವ ನಿಮಿಷಗಳು, ಸೂಜಿ ‘ಬಿಸಿ ಮಾಡುವ’ ನಿಮಿಷಗಳು ಒಂದೇ. ಮುಂಚಿನ ಅಳತೆಯನ್ನು ಸ್ಪಿರಿಟ್ ಸವರಿದ ಮೇಲೆ ತೆಗೆದಿದ್ದರೆ ಲೆಕ್ಕ ಅಲ್ಲಿಯೇ ಕೆಟ್ಟಿತು. ಇವೆಲ್ಲಕ್ಕೂ ಪರಿಹಾರ ಒಂದೇ: ಅದೇ ಕೋಣೆಯಲ್ಲಿ, ಅದೇ ಭಂಗಿಯಲ್ಲಿ, ಸ್ಪಿರಿಟ್ ಸವರಿಸಿಕೊಂಡು, ಸೂಜಿ ಮಾತ್ರ ಇಲ್ಲದೆ ಅಷ್ಟೇ ಹೊತ್ತು ಮಲಗಿದ ಇನ್ನೊಂದು ಗುಂಪು. ಅಂಥ ಗುಂಪಿಲ್ಲದ ‘ಮೊದಲು–ನಂತರ’ದ ಚಿತ್ರ ಮಲಗಿದ್ದರಿಂದ ಆದದ್ದನ್ನೂ ಸೂಜಿಯಿಂದ ಆದದ್ದನ್ನೂ ಬೇರ್ಪಡಿಸಲಾರದು.

ಮೆರಿಡಿಯನ್‌ಗಳನ್ನೇ ಕ್ಯಾಮೆರಾದಲ್ಲಿ ಕಂಡೆವು ಎಂಬ ಮಾತೂ ಇದೆ. ಮಾಚಿಪತ್ರೆಯ ಜಾತಿಯ ಗಿಡದ ಒಣ ಎಲೆಯಿಂದ ಮಾಡಿದ ಮಾಕ್ಸಾ ಕಡ್ಡಿಯ ಕೆಂಡವನ್ನು ಚರ್ಮದ ಬಳಿ ಹಿಡಿದಾಗ, ಹಳೆಯ ಚಿತ್ರಪಟಗಳಲ್ಲಿ ಬರೆದ ಗೆರೆಗಳಂತೆಯೇ ಬೆಳಗುವ ರೇಖೆಗಳು ಮೂಡುತ್ತವೆ ಎಂದು ಕೆಲವರು ವಾದಿಸಿದ್ದಾರೆ. ಆಸ್ಟ್ರಿಯಾದ ಗ್ರಾಟ್ಸ್ ನಗರದ ಗೆರ್ಹಾರ್ಡ್ ಲಿಚರ್ ಅಕ್ಯುಪಂಕ್ಚರ್ ವಿರೋಧಿಯಲ್ಲ. ಅದರ ಮೇಲೆ ವರ್ಷಗಟ್ಟಲೆ ಸಂಶೋಧನೆ ಮಾಡಿದವರು. ಅವರೇ 2005ರಲ್ಲಿ ಈ ಮಾತನ್ನು ಪರೀಕ್ಷಿಸಿ, ಅವಗೆಂಪು ಚಿತ್ರಣದಲ್ಲಿ ಮೆರಿಡಿಯನ್‌ನಂಥ ರಚನೆಗಳು ಕಾಣಸಿಗುವುದಿಲ್ಲ ಎಂದು ಪ್ರಕಟಿಸಿದರು. ಇದರ ಹಿಂದಿನ ಭೌತಶಾಸ್ತ್ರ ಸರಳ. ಚರ್ಮ ತನ್ನ ಮೇಲೆ ಬಿದ್ದ ಅವಗೆಂಪು ಕಿರಣದಲ್ಲಿ ಶೇಕಡ 98ರಷ್ಟನ್ನು ಹೀರಿ ಸುಮಾರು 2ರಷ್ಟನ್ನು ಪ್ರತಿಫಲಿಸುತ್ತದೆ. ಪಕ್ಕದಲ್ಲಿ ನೂರಾರು ಡಿಗ್ರಿಯ ಕೆಂಡವಿದ್ದಾಗ ಆ ಎರಡೇ ಭಾಗ ಕ್ಯಾಮೆರಾಕ್ಕೆ ದೊಡ್ಡ ಬೆಳಕು, ಅದರಲ್ಲೂ ಕಿರಣ ಓರೆಯಾಗಿ ತಾಗುವ ತೋಳಿನ ಏಣಿನ ಉದ್ದಕ್ಕೆ. ಜೊತೆಗೆ ಚರ್ಮದಡಿಯ ಸಿರೆಗಳೂ ಉದ್ದುದ್ದ ಗೆರೆಗಳಾಗಿಯೇ ಹರಿಯುತ್ತವೆ. ತೋಳಿನ ಮೇಲೆ ಒಂದು ಉದ್ದ ಗೆರೆ ಕಂಡಿತೆಂಬ ಮಾತ್ರಕ್ಕೆ ಅದು ಯಾವ ಗೆರೆ ಎಂದು ಪಟದಿಂದ ಓದಿಕೊಳ್ಳುವುದು ಪುರಾವೆಯಾಗದು.

ಇಷ್ಟು ಹೇಳಿದ ಮೇಲೆ ಸಮರ್ಥಕರು ಇನ್ನೊಂದು ನೆಲೆಗೆ ಸರಿಯುತ್ತಾರೆ. ಬಿಸಿಯೂ ತಂಪೂ ಎರಡೂ ವರದಿಯಾಗಿರುವುದು ದೋಷವಲ್ಲ, ಅದೇ ಅಕ್ಯುಪಂಕ್ಚರಿನ ವೈಶಿಷ್ಟ್ಯ ಎನ್ನುತ್ತಾರೆ. ತಣ್ಣಗಿದ್ದವರನ್ನು ಬಿಸಿ ಮಾಡುತ್ತದೆ, ಬಿಸಿಯಿದ್ದವರನ್ನು ತಣಿಸುತ್ತದೆ. ಸೂಜಿ ಸಮತೋಲ ತರುತ್ತದೆ. ಕೇಳಲು ಇದು ತುಂಬ ಆಕರ್ಷಕ, ಹಲವು ಅಂಕಿಗಳಲ್ಲಿ ಹಾಗೆ ಕಾಣುವುದೂ ಹೌದು. ಆದರೆ ಸೂಜಿ ಹಾಕದಿದ್ದರೂ ಹಾಗೆಯೇ ಕಾಣುತ್ತದೆ. ತಂದೆ ತಾಯಿಯರ ಮತ್ತು ಮಕ್ಕಳ ಎತ್ತರ ಅಳೆದ ಫ್ರಾನ್ಸಿಸ್ ಗಾಲ್ಟನ್ 1886ರಲ್ಲೇ ತೋರಿಸಿದ ನಿಯಮ ಇದು: ಏರಿಳಿಯುವ ಯಾವ ಅಳತೆಯಲ್ಲಾದರೂ ಮೊದಲ ಸಲ ತೀರ ಕಡಿಮೆ ಬಂದವರು ಎರಡನೇ ಸಲ ಸರಾಸರಿಯತ್ತ ಏರಿರುತ್ತಾರೆ, ತೀರ ಹೆಚ್ಚು ಬಂದವರು ಇಳಿದಿರುತ್ತಾರೆ. ಬೆರಳಿನ ವಿಷಯದಲ್ಲಿ ಇದಕ್ಕೆ ಭೌತಿಕ ಮಿತಿಯೂ ಕೂಡುತ್ತದೆ. 34 ಡಿಗ್ರಿಯಲ್ಲಿರುವ ಬೆರಳಿಗೆ ಮೇಲೆ ಏರಲು ಎರಡು ಮೂರು ಡಿಗ್ರಿಯಷ್ಟೇ ಜಾಗವಿದೆ, ಎಷ್ಟು ರಕ್ತ ಹರಿದರೂ ಅದು ರಕ್ತಕ್ಕಿಂತ ಬಿಸಿಯಾಗದು. 26 ಡಿಗ್ರಿಯ ಬೆರಳಿಗೆ ಏರಲು ಹತ್ತು ಡಿಗ್ರಿ ಜಾಗವಿದೆ, ಇಳಿಯಲು ಹೆಚ್ಚಿಲ್ಲ, ಕೋಣೆಗಿಂತ ತಣ್ಣಗಾಗಲು ಅದಕ್ಕೆ ಬೆವರು ಬೇಕು. ತಣ್ಣಗಿದ್ದವು ಏರುವುದು, ಬಿಸಿಯಿದ್ದವು ಇಳಿಯುವುದು ಈ ಮಾಪಕದ ಆಕಾರದಲ್ಲೇ ಅಡಗಿದೆ. ಸಮತೋಲದ ಮಾತನ್ನು ಗಂಭೀರವಾಗಿ ಆಡುವವರಿಗೆ ನ್ಯಾಯವಾದ ಒಂದು ಪರೀಕ್ಷೆಯಿದೆ. ಸೂಜಿ ಹಾಕಿದ ಗುಂಪಿನಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಇರುವ ತಾಪಮಾನದ ಚೆಲ್ಲಾಪಿಲ್ಲಿ ಮುಂಚಿಗಿಂತ ಕಿರಿದಾಗಬೇಕು, ಸುಮ್ಮನೆ ಮಲಗಿದ ಗುಂಪಿನಲ್ಲಿ ಅಷ್ಟು ಕಿರಿದಾಗಬಾರದು. ಗಾಲ್ಟನ್‌ನ ನಿಯಮ ಒಬ್ಬೊಬ್ಬರನ್ನು ಸರಾಸರಿಯತ್ತ ತಳ್ಳಿದರೂ ಇಡೀ ಗುಂಪಿನ ಚೆಲ್ಲಾಪಿಲ್ಲಿಯನ್ನು ಕಿರಿದು ಮಾಡುವುದಿಲ್ಲ. ನಿಜವಾದ ಸಮತೋಲ ಮಾಡುತ್ತದೆ.

ಈ ಪರೀಕ್ಷೆಯನ್ನು ದಾಟದೆ ‘ಬಿಸಿಯಾದರೂ ಪುರಾವೆ, ತಂಪಾದರೂ ಪುರಾವೆ’ ಎನ್ನುವುದು ಸಿದ್ಧಾಂತವನ್ನು ಬಲಪಡಿಸುವುದಿಲ್ಲ. ಬಿಸಿ, ತಂಪು ಎಂಬ ಪದಗಳಲ್ಲೇ ಒಂದು ಗೊಂದಲವೂ ಇದೆ. ಚೀನೀ ವೈದ್ಯದಲ್ಲಿ ‘ಉಷ್ಣ’, ‘ಶೀತ’ಗಳು ಡಿಗ್ರಿಗಳಲ್ಲ, ರೋಗಲಕ್ಷಣಗಳ ಗುಂಪುಗಳು, ನಾಲಿಗೆ, ನಾಡಿ, ಬಾಯಾರಿಕೆ ನೋಡಿ ತೀರ್ಮಾನಿಸುವಂಥವು. ನಮ್ಮಲ್ಲೂ ಪಪ್ಪಾಯಿ ತಿಂದು ಮೈ ಉಷ್ಣವಾಯಿತು ಎನ್ನುವವರು ಥರ್ಮಾಮೀಟರ್ ಹುಡುಕುವುದಿಲ್ಲ. ಆ ಪರಿಭಾಷೆಗೆ ಅದರದೇ ಬಳಕೆ ಇರಬಹುದು. ಡಿಗ್ರಿ ಅದಕ್ಕೆ ಅನುಕೂಲವಾಗಿ ಬಂದಾಗ ಡಿಗ್ರಿಯನ್ನು ಮುಂದಿಡುವುದು, ಬರದಿದ್ದಾಗ ಉಷ್ಣವೆಂದರೆ ಡಿಗ್ರಿಯಲ್ಲ ಎನ್ನುವುದು ಮಾತ್ರ ಎರಡೂ ಕಡೆಗೆ ಅನ್ಯಾಯ.

ಒಂದು ಆಕ್ಷೇಪವನ್ನು ನಾನು ನಿಜಕ್ಕೂ ತೂಕದ್ದೆಂದು ಒಪ್ಪುತ್ತೇನೆ. ಹೋಲಿಕೆಗಾಗಿ ಬಳಸುವ ಹುಸಿ ಸೂಜಿ ಹುಸಿಯಲ್ಲ ಎಂಬುದು ಅದು. ಸ್ಟ್ರೈಟ್‌ಬರ್ಗರ್ ಮತ್ತು ಕ್ಲೈನ್‌ಹೆನ್ಸ್ 1998ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪರಿಚಯಿಸಿದ ಮೊಂಡು ಸೂಜಿ ಚರ್ಮಕ್ಕೆ ತಾಗಿದಾಗ ತನ್ನ ಹಿಡಿಯೊಳಗೇ ಸರಿದು, ಒಳಹೋದಂತೆ ತೋರುತ್ತದೆ. ಚುಚ್ಚದಿದ್ದರೂ ಅದು ಒತ್ತುತ್ತದೆ, ಒತ್ತಿದ್ದನ್ನು ನರಗಳು ಕೇಳುತ್ತವೆ, ಬೆರಳು ಅದಕ್ಕೂ ಸ್ಪಂದಿಸಬಹುದು. ಆದ್ದರಿಂದ ನಿಜ ಸೂಜಿಗೂ ಮೊಂಡು ಸೂಜಿಗೂ ವ್ಯತ್ಯಾಸ ಕಾಣಲಿಲ್ಲವೆಂದರೆ ಸೂಜಿ ಏನೂ ಮಾಡಲಿಲ್ಲ ಎಂದಾಗುವುದಿಲ್ಲ. ಈ ಮಾತು ಸರಿ. ಆದರೆ ಇದನ್ನು ಒಪ್ಪಿಕೊಂಡವರು ಅದರ ಬೆಲೆಯನ್ನೂ ತೆರಬೇಕಾಗುತ್ತದೆ. ಬಿಂದುವಿನಲ್ಲಿ ಚುಚ್ಚಿದರೂ, ಪಕ್ಕದಲ್ಲಿ ಚುಚ್ಚಿದರೂ, ಚುಚ್ಚದೆ ಒತ್ತಿದರೂ ಕೈ ಒಂದೇ ತೆರನಾಗಿ ಬಿಸಿಯಾಗುವುದಾದರೆ ಬಿಂದುಗಳ ಪಟಕ್ಕೆ ಈ ಬಿಸಿಯಿಂದ ಯಾವ ಬೆಂಬಲವೂ ಸಿಗುವುದಿಲ್ಲ. ಚರ್ಮಕ್ಕೆ ಕೊಟ್ಟ ಯಾವ ಪ್ರಚೋದನೆಯಾದರೂ ಸಾಕು ಎಂದಾಗುತ್ತದೆ. ಹುಸಿ ಸೂಜಿಯೂ ಕೆಲಸ ಮಾಡುತ್ತದೆ ಎಂಬ ಮಾತು, ಬಿಂದುವಿಗೆ ಮಾತ್ರ ಈ ಶಕ್ತಿ ಎಂಬ ಮಾತು, ಎರಡನ್ನೂ ಒಟ್ಟಿಗೆ ಹಿಡಿಯಲು ಬರುವುದಿಲ್ಲ.

ಬಿಂದುವಿನ ವಿಶೇಷವನ್ನು ಪರೀಕ್ಷಿಸುವ ಅವಕಾಶವನ್ನು ಪರಂಪರೆಯೇ ಕೊಟ್ಟಿದೆ, ಅದಕ್ಕಾಗಿ ನನಗೆ ಅದರ ಮೇಲೆ ಗೌರವವಿದೆ. ಹೆಗು ಮುಖ ಮತ್ತು ಬಾಯಿಯ ಬಿಂದು, ಮೊಣಕಾಲಿನ ಕೆಳಗಿರುವ ಜುಸಾನ್ಲಿ ಹೊಟ್ಟೆಯ ಬಿಂದು ಎಂದು ಅದು ಖಚಿತವಾಗಿ ಹೇಳುತ್ತದೆ. ಸರಿ ತಪ್ಪು ಎಂದು ನೋಡಬಹುದಾದ ಮಾತು ಇದು. ಒಂದೇ ಬಲದಲ್ಲಿ ಎರಡಕ್ಕೂ ಬೇರೆಬೇರೆ ದಿನ ಸೂಜಿ ಹಾಕಿ, ಮುಖದ ಚರ್ಮ ಹೆಗುವಿಗೆ ಮಾತ್ರ ಸ್ಪಂದಿಸಿತೇ ಎಂದು ಅಳೆಯಬಹುದು. ಸ್ಪಂದಿಸಿದರೂ ಒಂದು ಪ್ರಶ್ನೆ ಉಳಿಯುತ್ತದೆ: ಮಿದುಳಿನಲ್ಲಿ ಸ್ಪರ್ಶದ ನಕ್ಷೆ ಇರುವ ಪಟ್ಟಿಯಲ್ಲಿ ಕೈ ಮತ್ತು ಮುಖ ಪಕ್ಕಪಕ್ಕದಲ್ಲಿವೆ, ಕಾಲು ದೂರದಲ್ಲಿದೆ. ಕೈಯ ಪ್ರಚೋದನೆ ಮುಖವನ್ನು ಹೆಚ್ಚು ಕದಲಿಸಲು ಆ ನೆರೆಹೊರೆಯೂ ಒಂದು ಕಾರಣವಾಗಬಹುದು. ಆಗ ಹಳಬರು ಕಂಡದ್ದು ನಿಜ, ಅವರು ಕೊಟ್ಟ ಕಾರಣ ಬೇರೆ ಎಂದಾಗುತ್ತದೆ. ಗಮನಿಸಿ ನೋಡುವುದರಲ್ಲಿ ಗೆದ್ದು ವಿವರಣೆಯಲ್ಲಿ ತಪ್ಪಿದ ಉದಾಹರಣೆಗಳು ಎಲ್ಲ ವೈದ್ಯ ಪರಂಪರೆಗಳಲ್ಲೂ ಇವೆ, ಅದರಲ್ಲಿ ಅವಮಾನವೇನಿಲ್ಲ.

ಉಳಿದದ್ದು ಆರೋಗ್ಯದ ಪ್ರಶ್ನೆ. ಬಿಸಿಯಾದ ಕೈ ಒಳ್ಳೆಯ ಕೈ ಎಂದು ಯಾರು ಹೇಳಿದರು? ಆರೋಗ್ಯವಂತನ ಬೆರಳು ತಣ್ಣಗಿದ್ದರೆ ಅದು ಹವೆಗೆ ತಕ್ಕಂತೆ ಸರಿಯಾಗಿ ಕೆಲಸ ಮಾಡುತ್ತಿದೆ ಎಂದರ್ಥ. ಕೊರತೆ ಇಲ್ಲದಲ್ಲಿ ‘ಸುಧಾರಣೆ’ ಎಂಬ ಮಾತಿಗೆ ಅರ್ಥವಿಲ್ಲ. ರಕ್ತನಾಳ ಸೆಟೆದು ಬೆರಳು ಬಿಳಿಚಿಕೊಳ್ಳುವ ರೇನೋ ತೊಂದರೆಯಂಥ ಕಾಯಿಲೆಗಳಲ್ಲಿ ಬೆಚ್ಚಗಾಗುವುದಕ್ಕೆ ಬೆಲೆ ಇರಬಹುದು, ಆದರೆ ಅದನ್ನು ಆ ರೋಗಿಗಳಲ್ಲೇ ಪರೀಕ್ಷಿಸಿ ತಿಳಿಯಬೇಕು. ಆರೋಗ್ಯವಂತರ ಚಿತ್ರ ತೋರಿಸಿ ರೋಗಿಗಳಿಗೆ ಭರವಸೆ ಕೊಡುವಂತಿಲ್ಲ. ಕೊಬ್ಬು ಕಟ್ಟಿ ಇಕ್ಕಟ್ಟಾದ ಕಾಲಿನ ಅಪಧಮನಿ, ನರದ ಆಜ್ಞೆಯಿಂದ ಬಿಗಿದ ಆರೋಗ್ಯವಂತನ ಬೆರಳಿನ ನಾಳ, ಇವೆರಡೂ ತಣ್ಣಗಿರುವುದು ಬೇರೆ ಬೇರೆ ಕಾರಣಕ್ಕೆ. ಮೊದಲನೆಯದು ನರ ಸಡಿಲವಾದರೂ ತೆರೆಯುವುದಿಲ್ಲ. ಕಾಲು ಜೋಮು ಹಿಡಿಯುವ ಮಧುಮೇಹಿ ಇಂಥದೊಂದು ಕೆಂಪು ಚಿತ್ರವನ್ನು ನಂಬಿ ರಕ್ತನಾಳದ ತಪಾಸಣೆಯನ್ನು ತಿಂಗಳುಗಟ್ಟಲೆ ಮುಂದೂಡಿದರೆ ಆಗುವ ನಷ್ಟ ಕಾಲಿನದು. ಈ ಗೊಂದಲವನ್ನು ಬಿಡಿಸುವುದು ನನಗೆ ಮುಖ್ಯವಾಗಿ ಕಾಣುವುದು ಅದಕ್ಕೇ.

ಹಾಗಾದರೆ ಯಾವ ಫಲಿತಾಂಶ ಬಂದರೆ ನಾನು ನನ್ನ ನಿಲುವನ್ನು ಬದಲಿಸುತ್ತೇನೆ? ಮೂರು ಷರತ್ತುಗಳನ್ನು ಇಡುತ್ತೇನೆ.

1. ಯಾವ ಜಾಗ, ಯಾವ ದಿಕ್ಕಿಗೆ, ಯಾವ ನಿಮಿಷದಲ್ಲಿ ಬದಲಾಗುತ್ತದೆ ಎಂಬುದನ್ನು ಸೂಜಿ ಹಾಕುವ ಮೊದಲೇ ಬರೆದಿಟ್ಟಿರಬೇಕು. ಆಮೇಲೆ ಸಿಕ್ಕಿದ್ದನ್ನು ಹೊಂದಿಸಿಕೊಳ್ಳುವಂತಿಲ್ಲ.

2. ಅಷ್ಟೇ ನೋವು, ಅಷ್ಟೇ ಹೊತ್ತು, ಅಷ್ಟೇ ಗಮನ ಪಡೆದ ಬೇರೆ ಜಾಗದ ಸೂಜಿಗಿಂತ ಬಿಂದುವಿನ ಸೂಜಿ ಬೇರೆ ಫಲ ಕೊಡಬೇಕು. ಸುಮ್ಮನೆ ಮಲಗಿದವರಿಗಿಂತ ಬೇರೆಯಾದರೆ ಸಾಲದು. ಚಿತ್ರ ಓದುವವರಿಗೆ ಯಾರಿಗೆ ಯಾವುದು ಹಾಕಿದ್ದೆಂದು ಗೊತ್ತಿರಬಾರದು.

3. ಬೇರೊಂದು ಊರಿನ, ಬೇರೆ ನಂಬಿಕೆಯ ತಂಡಕ್ಕೂ ಅದೇ ಫಲ ಬರಬೇಕು.

ಈ ಷರತ್ತುಗಳಿಗೆ ತಕ್ಕ ಪ್ರಯೋಗವೊಂದರ ಬೀಜ ಚೀನೀ ಗ್ರಂಥಗಳಲ್ಲೇ ಇದೆ. ಯಾಂಗ್ ಜಿಝೌ ಸಂಪಾದಿಸಿದ, 1601ರಲ್ಲಿ ಅಚ್ಚಾದ ‘ಝೆನ್‌ಜಿಯು ದಾಚೆಂಗ್’ ಎರಡು ಕೈಚಳಕಗಳನ್ನು ವಿವರಿಸುತ್ತದೆ. ಒಂದರ ಹೆಸರು ಬೆಟ್ಟ ಸುಡುವ ಬೆಂಕಿ: ಸೂಜಿಯನ್ನು ಮೇಲುಪದರದಿಂದ ಆಳಕ್ಕೆ ಮೂರು ಹಂತದಲ್ಲಿ ಇಳಿಸುತ್ತ, ಪ್ರತಿ ಹಂತದಲ್ಲಿ ಒತ್ತನ್ನು ಜೋರಾಗಿಸಿ ಒಂಬತ್ತರ ಲೆಕ್ಕದಲ್ಲಿ ಆಡಿಸಬೇಕು, ಆಗ ಬಿಸಿ ಬರುತ್ತದೆ. ಇನ್ನೊಂದು ಆಕಾಶ ತೂರುವ ತಂಪು: ಆಳದಿಂದ ಮೇಲಕ್ಕೆ ಬರುತ್ತ, ಎಳೆತವನ್ನು ಜೋರಾಗಿಸಿ ಆರರ ಲೆಕ್ಕದಲ್ಲಿ ಆಡಿಸಬೇಕು, ಆಗ ತಂಪು ಬರುತ್ತದೆ. ಎರಡೂ ನಿಜ ಸೂಜಿ, ಒಂದೇ ಬಿಂದು, ಒಂದೇ ಆಳ. ಹುಸಿ ಸೂಜಿಯ ತೊಡಕೇ ಇಲ್ಲಿ ಏಳುವುದಿಲ್ಲ. ಹಾಕಿಸಿಕೊಳ್ಳುವವರಿಗೆ ಈ ಕೈಚಳಕಗಳ ಹೆಸರು ಗೊತ್ತಿರದಿದ್ದರೆ ಯಾವುದು ನಡೆಯುತ್ತಿದೆ ಎಂದು ತಿಳಿಯುವುದಿಲ್ಲ, ಹಾಗಾಗಿ ಅವರ ನಿರೀಕ್ಷೆ ಎರಡೂ ಗುಂಪಿನಲ್ಲಿ ಒಂದೇ. ಎಲ್ಲಕ್ಕಿಂತ ಮೇಲಾಗಿ ಗ್ರಂಥ ಎರಡಕ್ಕೂ ವಿರುದ್ಧ ದಿಕ್ಕಿನ ಫಲ ಹೇಳಿದೆ, ಬಂದದ್ದನ್ನೆಲ್ಲ ಒಪ್ಪಿಕೊಳ್ಳುವ ದಾರಿಯನ್ನು ತಾನೇ ಮುಚ್ಚಿದೆ. ನುರಿತ ಕೈಯೊಂದು, ಮುಚ್ಚಿದ ಲಕೋಟೆಯಿಂದ ಚೀಟಿ ಎತ್ತಿ, ಅದರಲ್ಲಿ ಬಂದ ಕೈಚಳಕವನ್ನು ಆರೋಗ್ಯವಂತರ ಮೇಲೆ ಮಾಡಬೇಕು. ಪಕ್ಕದ ಕೋಣೆಯಲ್ಲಿ ಕೂತವರು ಬೆರಳತುದಿಯ ಅಂಕಿಗಳನ್ನಷ್ಟೇ ನೋಡಬೇಕು. ಒಂಬತ್ತರ ಆಟಕ್ಕೂ ಆರರ ಆಟಕ್ಕೂ ಒಟ್ಟು ಪ್ರಚೋದನೆಯಲ್ಲೇ ವ್ಯತ್ಯಾಸವಿರುವುದರಿಂದ, ಲೆಕ್ಕವನ್ನು ಅದಲುಬದಲು ಮಾಡಿದ ಇನ್ನೆರಡು ಗುಂಪುಗಳೂ ಇರಬೇಕು. ಚೀನಾದಲ್ಲಿ ಈ ದಿಕ್ಕಿನ ಪ್ರಯತ್ನಗಳು ನಡೆದಿವೆ. ಅಕ್ಯುಪಂಕ್ಚರ್ ಕಲಿಸುವ ನಮ್ಮ ಕಾಲೇಜುಗಳಲ್ಲಿ ಥರ್ಮಲ್ ಕ್ಯಾಮೆರಾ, ಹವಾನಿಯಂತ್ರಿತ ಕೋಣೆ, ಆರೋಗ್ಯವಂತ ವಿದ್ಯಾರ್ಥಿಗಳು ಇಷ್ಟಿದ್ದರೆ ಈ ಕೆಲಸ ಇಲ್ಲಿಯೂ ಆದೀತು. ಲಕೋಟೆಯಲ್ಲಿದ್ದ ಚೀಟಿಗೂ ಪಕ್ಕದ ಕೋಣೆಯ ಅಂಕಿಗಳಿಗೂ ಪದೇಪದೇ ತಾಳೆಯಾದರೆ, ಯಾಂಗ್ ಜಿಝೌ ವಿವರಿಸಿದ ಕೈಗೆ ನರವಿಜ್ಞಾನ ಇನ್ನೂ ವಿವರಿಸದ ಒಂದು ತಿಳಿವಿದೆ ಎಂದು ನಾನು ಬರೆಯುತ್ತೇನೆ.